ಮೂರು ದಿನದ ಅಮಲ್ದಾರ

ನಮ್ಮ ವಂಶದಲ್ಲಿ ಒಬ್ಬ ಅಮಲ್ದಾರ ಇದ್ದ ಎನ್ನುವುದನ್ನು ನಾನು ಕಾಗುಣಿತಕ್ಕಿಂತ ಮೊದಲೇ ಕಲಿತಿದ್ದೆ. ಮುಳಬಾಗಿಲಲ್ಲಿ ನಮ್ಮನ್ನು ಕರೆಯುತ್ತಿದ್ದದ್ದೇ ಅಮಲ್ದಾರರ ಮನೆಯವರು ಎಂದು. ಈಗ ತಾಲ್ಲೂಕಿಗೆ ತಹಸೀಲ್ದಾರರು ಹೇಗೋ ಇಂಗ್ಲಿಷರ ಕಾಲದಲ್ಲಿ ಅಮಲ್ದಾರರು ಹಾಗೆ. ಅವನು ನನ್ನ ತಾತನ ತಾತ. ಬಿಳಿ ಕುದುರೆ ಹತ್ತಿ ಊರೂರು ಸುತ್ತುತ್ತಿದ್ದನಂತೆ, ಹಿಂದೆ ಎದೆಗೆ ಸರ್ಕಾರಿ ಡವಾಲಿ ಪಟ್ಟಿ ಹಾಕಿದ ಇಬ್ಬರು ಜವಾನರಂತೆ, ದೊರೆಗಳ ಎದುರಿಗೂ ತಲೆ ಬಗ್ಗಿಸಲಿಲ್ಲವಂತೆ, ಮದ್ರಾಸಿನ ದಾರಿಯಲ್ಲಿದ್ದ ಛತ್ರವನ್ನು ಕಟ್ಟಿಸಿದವನೂ ಅವನೇ ಅಂತೆ, ಕಡೆಗೆ ವೈರಾಗ್ಯ ಬಂದು ಕಾಶಿಗೆ ನಡೆದೇ ಹೋದನಂತೆ. ನಮ್ಮಲ್ಲಿ ತಲೆಮಾರಿಗೆ ಒಬ್ಬರಿಗಾದರೂ ಎಡಗೈಯಲ್ಲಿ ಆರನೆಯ ಬೆರಳು ಹುಟ್ಟುತ್ತಿತ್ತು. ಅದೂ ಅವನದೇ ಪ್ರಸಾದ, ಅದೃಷ್ಟದ ಬೆರಳು ಎನ್ನುತ್ತಿದ್ದರು. ಅದೃಷ್ಟ ಯಾರಿಗೆ ಬಂತೋ ನಾನು ಕಾಣೆ.

ಈ ಅಂತೆಕಂತೆಗಳನ್ನು ಹೊದ್ದುಕೊಂಡು ನಮ್ಮವರು ಬೆಚ್ಚಗಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದ ನನ್ನ ಚಿಕ್ಕಪ್ಪ ರೇಷನ್ ಅಂಗಡಿಯಲ್ಲಿ ಸಾಲಿಗೆ ನಿಲ್ಲುತ್ತಿರಲಿಲ್ಲ. ಅಮಲ್ದಾರರ ಮನೆಯವನು ಸಾಲಿನಲ್ಲಿ ನಿಲ್ಲೋದಾ ಎಂದು ನೆಟ್ಟಗೆ ಮುಂದೆ ಹೋಗಿ, ಎಲ್ಲರ ಕೈಲಿ ಬೈಸಿಕೊಂಡು, ಮತ್ತೆ ಹಿಂದೆ ಬಂದು ನಿಲ್ಲುತ್ತಿದ್ದ. ಅವನನ್ನು ಕಂಡು ನಗುವ ಯೋಗ್ಯತೆ ನನಗೂ ಇಲ್ಲ. ಮೂರನೇ ಕ್ಲಾಸಿನಲ್ಲಿ ಕಸ ಗುಡಿಸುವ ಸರದಿ ಬಂದಾಗ, ನಾನು ಅಮಲ್ದಾರರ ಮನೆ ಹುಡುಗಿ, ಗುಡಿಸಲ್ಲ ಎಂದು ಮೇಡಂಗೆ ಹೇಳಿದ್ದೆ. ಮೇಡಂ ನನ್ನ ಕೈಲಿ ಇಡೀ ಶಾಲೆಯ ಜಗುಲಿ ಗುಡಿಸಿಸಿದರು. ಒಳ್ಳೆಯದೇ ಮಾಡಿದರು.

ಆ ಮಹಾನುಭಾವನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ಕಡೆ ಅಚ್ಚಾಗಿದೆ.

ಅಚ್ಚು ಹಾಕಿಸಿದವನು ನನ್ನ ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುವವನು. ಇಂಜಿನಿಯರಾಗಿದ್ದು ನಿವೃತ್ತನಾದವನು. ನಿವೃತ್ತಿಯಾದ ಮೇಲೆ ಯಾರೂ ಎದ್ದು ನಿಂತು ನಮಸ್ಕಾರ ಹೇಳುತ್ತಿಲ್ಲವಲ್ಲ ಎನ್ನುವ ಕೊರಗಿಗೆ ಔಷಧಿಯಾಗಿ ವಂಶದ ಸಮಾವೇಶ ಮಾಡಲು ಹೊರಟಿದ್ದ. ಕೋಲಾರದಲ್ಲಿ ಕಲ್ಯಾಣಮಂಟಪ ಗೊತ್ತು ಮಾಡಿ, ಜೊತೆಗೆ ವಂಶವೃಕ್ಷದ ಪುಸ್ತಕವನ್ನೂ ತರುವುದಾಗಿ ಸಾರಿಬಿಟ್ಟಿದ್ದ. ನಾನು ಭೂದಾಖಲೆ ವಿಭಾಗದಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವಳಾದ್ದರಿಂದ ಒಂದು ದಿನ ನನಗೆ ಫೋನ್ ಬಂತು.

"ನೀನು ಜೀವಮಾನವೆಲ್ಲ ಹಳೇ ಕಾಗದದ ಧೂಳು ಕುಡಿದವಳು ಕಣೇ. ಅಮಲ್ದಾರ್ ತಾತ ಯಾವ ಯಾವ ತಾಲ್ಲೂಕಲ್ಲಿ ಇದ್ದ, ಕಾಶಿಗೆ ಯಾವಾಗ ಹೋದ, ಒಂದಿಷ್ಟು ಹುಡುಕಿಕೊಡು. ನಾಲ್ಕು ಪುಟ ಸಾಕು."

"ಸಿಗದೇ ಇದ್ರೆ?"

"ಅಮಲ್ದಾರ್ ಅಂದ್ರೆ ಏನಂದ್ಕೊಂಡಿದೀಯ? ಅಂಥವರು ಕೆಮ್ಮಿದ್ರೂ ಬರೆದಿಡ್ತಿದ್ರು ಆ ಕಾಲದಲ್ಲಿ."

ಅದು ನಿಜವೇ. ಅದಕ್ಕೇ ಅವನು ಸಿಗಲಿಲ್ಲ. ಮುಳಬಾಗಿಲಿನಲ್ಲಿ ಹತ್ತು ದಿನ ಕೂತು ಆ ಕಾಲದ ಅಮಲ್ದಾರರ ಹೆಸರುಗಳನ್ನೆಲ್ಲ ಜೋಡಿಸಿದೆ. ಒಬ್ಬ ಹೋದ ದಿನವೇ ಇನ್ನೊಬ್ಬ ಬಂದಿದ್ದ. ನಡುವೆ ನಮ್ಮವನನ್ನು ತುರುಕಲು ಒಂದು ಮಧ್ಯಾಹ್ನದಷ್ಟೂ ಜಾಗವಿರಲಿಲ್ಲ. ಹನ್ನೊಂದನೆಯ ದಿನ, ಇನ್ನು ಮುಚ್ಚಿ ಹೋಗೋಣ ಎನ್ನುವಾಗ, ಕಚೇರಿಯ ಕೆಳಗಿನ ನೌಕರರ ಪಟ್ಟಿಯಲ್ಲಿ ಅವನ ಹೆಸರು, ಅವನ ಅಪ್ಪನ ಹೆಸರು, ಊರು ಎಲ್ಲವೂ ಸಿಕ್ಕವು. ಹುದ್ದೆ: ನಕಲು ಗುಮಾಸ್ತ. ಬೇರೆಯವರು ಬರೆದದ್ದನ್ನು ನೋಡಿಕೊಂಡು ಬರೆಯುವ ಕೆಲಸ. ಹೆಸರಿನ ಮುಂದೆ ಬೇರೆ ಶಾಯಿಯಲ್ಲಿ 'ಬರ್ತರಫ್' ಎಂದಿತ್ತು. ಕೆಲಸದಿಂದ ಕಿತ್ತು ಹಾಕಿದ್ದಾರೆ ಎಂದರ್ಥ. ಕೆಳಗೆ ಸಣ್ಣಕ್ಷರದಲ್ಲಿ, ಮಾಲೂರಿನ ಕಡತ ನೋಡುವುದು ಎಂದು ಬರೆದಿತ್ತು.

ಅಣ್ಣನಿಗೆ ಫೋನ್ ಮಾಡಿದೆ.

"ಮೊದಲು ಗುಮಾಸ್ತ ಆಗಿರ್ತಾನೆ, ಆಮೇಲೆ ಪ್ರಮೋಷನ್ ಆಗಿರ್ತದೆ," ಎಂದ.

"ಡಿಸ್‌ಮಿಸ್ ಆದಮೇಲೆ ಪ್ರಮೋಷನ್ನಾ?"

"ದೊರೆಗಳಿಗೆ ತಲೆ ಬಗ್ಗಿಸಲಿಲ್ಲ ಅಂತ ಡಿಸ್‌ಮಿಸ್ ಮಾಡಿರ್ತಾರೆ. ಅದನ್ನ ಚೆನ್ನಾಗಿ ಬರಿ, ಸ್ವಾತಂತ್ರ್ಯ ಹೋರಾಟದ ತರ ಬರತ್ತೆ."

ಮಾಲೂರಿನ ದಾಖಲೆ ಕೊಠಡಿಯನ್ನು ನೋಡಿಕೊಳ್ಳುತ್ತಿದ್ದವಳು ಹಿಂದೆ ಕೋಲಾರದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತ ಹೆಣ್ಣುಮಗಳು. ಅವಳೇ ಸಾಹೇಬರಿಗೆ ಹೇಳಿ ಅನುಮತಿ ಕೊಡಿಸಿದಳು, ಕಡತದ ಗಂಟು ಬಿಚ್ಚಿ ಫ್ಯಾನಿನ ಕೆಳಗೆ ಇಟ್ಟಳು. ಅದರೊಳಗೆ ಒಂದು ಹಳ್ಳಿಯ ಪಟೇಲನ ಹೇಳಿಕೆ ಇತ್ತು. ಶಾನುಭೋಗನ ಕೈಬರಹ, ಓದಲು ತೊಡಕಾಗಲಿಲ್ಲ.

ಪಟೇಲ ಹೇಳಿದ್ದು ಇಷ್ಟು. ಬಿಳಿ ಕುದುರೆಯ ಮೇಲೆ ಒಬ್ಬ ಬಂದ, ಹಿಂದೆ ಡವಾಲಿ ಹಾಕಿದ ಇಬ್ಬರು. ನಾನು ನಿಮ್ಮ ಹೊಸ ಅಮಲ್ದಾರ ಎಂದ. ನಾವು ನಂಬಿದೆವು. ಮೂರು ದಿನ ಇದ್ದ. ತುಪ್ಪ ಕೇಳಿದ, ಕೊಟ್ಟೆವು. ಗಟ್ಟಿ ಮೊಸರು ಕೇಳಿದ, ಕೊಟ್ಟೆವು. ಮಲಗಲು ನನ್ನ ಮಂಚ ಕೇಳಿದ, ಕೊಟ್ಟು ನಾನು ನೆಲದ ಮೇಲೆ ಮಲಗಿದೆ. ಹೊಂಗೆ ಮರದ ಕೆಳಗೆ ಕೂತು ಊರಿನ ವ್ಯಾಜ್ಯಗಳನ್ನು ಕೇಳಿದ. ಎರಡನೆಯ ದಿನ ಒಬ್ಬ ವಯಸ್ಸಾದ ಕುಂಬಾರ ಎದ್ದು ನಿಂತು, ಇವನು ಅಮಲ್ದಾರನಲ್ಲ, ಮಾಲೂರಿನಲ್ಲಿ ನಾನು ಅಮಲ್ದಾರರನ್ನು ಕಣ್ಣಾರೆ ಕಂಡಿದ್ದೇನೆ, ಅವರೇ ಬೇರೆ ಎಂದ. ಕುದುರೆಯವನು ಆ ಮುದುಕನನ್ನು ಬಗ್ಗಿಸಿ ನಿಲ್ಲಿಸಿ, ಬೆನ್ನ ಮೇಲೆ ಬೀಸುವ ಕಲ್ಲು ಹೊರಿಸಿದ. ಹೊತ್ತು ಏರಿದಾಗಿನಿಂದ ದನ ಮನೆಗೆ ಬರುವವರೆಗೆ ಬಿಸಿಲಲ್ಲಿ ನಿಲ್ಲಿಸಿದ. ಕಲ್ಲು ಇಳಿಸಿದ ಮೇಲೆ ಮುದುಕ ನಡೆದ, ಆದರೆ ನೆಟ್ಟಗಾಗಲಿಲ್ಲ. ಮೂರನೆಯ ದಿನ ನಿಜವಾದ ಅಮಲ್ದಾರರ ಕೈಕೆಳಗಿನ ಅಧಿಕಾರಿ, ಹೋಬಳಿಯ ಷೇಕ್ದಾರರು, ಬೇರೇನೋ ಕೆಲಸಕ್ಕೆ ಊರಿಗೆ ಬಂದರು. ಅವರನ್ನು ದೂರದಿಂದ ಕಂಡದ್ದೇ ಇವನು ಕುದುರೆಯನ್ನೂ ಬಿಟ್ಟು ರಾಗಿ ಹೊಲಕ್ಕೆ ಬಿದ್ದು ಓಡಿದ.

ಕುದುರೆ ಮುಳಬಾಗಿಲಿನ ಒಬ್ಬ ಎಣ್ಣೆ ವ್ಯಾಪಾರಿಯದು, ಮದುವೆಗೆ ಬೇಕು ಎಂದು ಕೇಳಿ ತಂದದ್ದು. ಡವಾಲಿಗಳು ಕಚೇರಿಯ ಗೂಟದಿಂದ ಇಳಿಸಿಕೊಂಡು ತಂದಂಥವು. ಹೇಳಿಕೆಯ ಜೊತೆಗೆ ಅವನನ್ನು ಹಿಡಿಯಲು ಹೊರಡಿಸಿದ ಹುಕುಮೂ ಇತ್ತು: ಮೈಬಣ್ಣ ಕೆಂಪು, ದನಿ ದೊಡ್ಡದು, ಎಡಗೈಯಲ್ಲಿ ಆರು ಬೆರಳು, ಶ್ರೀನಿವಾಸಪುರದ ಕಡೆ ಕಂಡವರಿದ್ದಾರೆ, ಹೆಸರನ್ನೂ ಹಣೆಯ ಗುರುತನ್ನೂ ಬದಲಾಯಿಸಿಕೊಂಡಿರುವಂತಿದೆ.

ನಾನು ಗಟ್ಟಿಯಾಗಿ ಓದುತ್ತಿದ್ದೆ ಅಂತ ಕಾಣತ್ತೆ. ದಾಖಲೆ ಕೊಠಡಿಯ ಹೆಣ್ಣುಮಗಳು ಪಕ್ಕದಲ್ಲೇ ನಿಂತು ಕೇಳುತ್ತಿದ್ದಳು.

"ಥೂ, ಎಂಥಾ ಕಚಡಾ ಮನುಷ್ಯ. ಯಾರು ಮೇಡಂ ಇವನು? ನಿಮ್ಮ ಕಡೆಯವನಾ?"

"ಅಲ್ಲ," ಎಂದೆ.

ಅಷ್ಟು ಸಲೀಸಾಗಿ ಬಂತು ನೋಡಿ ನನ್ನ ಬಾಯಿಗೆ ಆ ಸುಳ್ಳು. ವಾಪಸು ಬರುವ ಬಸ್ಸಿನಲ್ಲಿ ವಕ್ಕಲೇರಿ ದಾಟುವವರೆಗೂ ಅವನನ್ನು ಬೈದುಕೊಳ್ಳುತ್ತಿದ್ದೆ, ಆಮೇಲೆ ನನ್ನನ್ನು ಬೈದುಕೊಂಡೆ. ಕಳ್ಳನಾಗಿದ್ದರೆ ಒಂದು ತೂಕವಿತ್ತು, ಕೊಲೆಗಾರನಾಗಿದ್ದರೆ ಭಯವಾದರೂ ಆಗುತ್ತಿತ್ತು. ಇವನಿಗೆ ಬೇಕಾಗಿದ್ದದ್ದು ಮೂರು ದಿನ ಜನ ಎದ್ದು ನಿಲ್ಲಬೇಕು, ಅಷ್ಟೇ. ಅಷ್ಟಕ್ಕೋಸ್ಕರ ಒಬ್ಬ ಮುದುಕನ ಬೆನ್ನು ಮುರಿದ.

ಅವನು ಹೋದಮೇಲೆ ಮನೆಯವರ ಗತಿ ಏನಾಯಿತು ಎಂದು ತಿಳಿಯಲು ಮತ್ತೆ ಮುಳಬಾಗಿಲಿಗೆ ಹೋದೆ. ಈ ಸಲ ಅಮಲ್ದಾರನನ್ನು ಹುಡುಕಲಿಲ್ಲ, ಛತ್ರದ ಕಾಗದಗಳನ್ನು ಹುಡುಕಿದೆ. ಛತ್ರ ಅವನು ಕಟ್ಟಿಸಿದ್ದಲ್ಲ, ಅವನು ಹುಟ್ಟುವ ಮೊದಲೇ ಇತ್ತು. ಅದರ ಅಡುಗೆಮನೆಯಲ್ಲಿ ಹಿಟ್ಟು ಬೀಸುತ್ತಿದ್ದವಳು ಅವನ ಹೆಂಡತಿ. ಅವಳು ಕೊಟ್ಟಿದ್ದ ಅರ್ಜಿ ಸಿಕ್ಕಿತು, ಯಾರೋ ಬರೆದುಕೊಟ್ಟದ್ದು. ಗಂಡ ದೇಶಾಂತರ ಹೋಗಿದ್ದಾನೆ, ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಬಾಡಿಗೆ ಮನೆಯಿಂದ ಎಬ್ಬಿಸಿದ್ದಾರೆ, ಛತ್ರದ ಹಿಂದಿನ ಜಾಗದಲ್ಲಿ ಗುಡಿಸಲು ಹಾಕಿಕೊಳ್ಳಲು ಅಪ್ಪಣೆಯಾಗಬೇಕು. ಇಷ್ಟು ಬರೆಸಿದ ಮೇಲೆ ತಡೆಯಲಾರದೆ ಸೇರಿಸಿದ ಹಾಗೆ ಇನ್ನೊಂದು ಮಾತಿತ್ತು. ಪೇಟೆಯಲ್ಲಿ ನೀರಿಗೆ ಹೋದರೆ ಜನ 'ಅಮಲ್ದಾರನ ಹೆಂಡತಿ ಬಂದಳು, ಕುದುರೆ ಎಲ್ಲಿ ಅಮ್ಮಾ' ಎಂದು ಕೂಗುತ್ತಾರೆ, ನನ್ನ ಮಕ್ಕಳನ್ನು 'ಚಿಕ್ಕ ಅಮಲ್ದಾರರು' ಎನ್ನುತ್ತಾರೆ, ಅದನ್ನೂ ನಿಲ್ಲಿಸಿಕೊಡಬೇಕು. ಹೆಸರು ಬರೆಯುವ ಕಡೆ ಇಂಥವನ ಹೆಂಡತಿ ಎಂದಷ್ಟೇ ಇತ್ತು. ಕೆಳಗೆ ರುಜುವಿನ ಜಾಗದಲ್ಲಿ ಓದುಬರಹ ಬಾರದ ಹೆಂಗಸರು ಹಾಕುತ್ತಿದ್ದ ಬಳೆಯ ಗುರುತು, ಒಂದು ಸೊಟ್ಟ ಸೊನ್ನೆ.

ಜಾಗ ಕೊಟ್ಟರು. ನಾನು ಹುಟ್ಟಿದ ಮನೆ ಇದ್ದದ್ದು ಅಲ್ಲೇ. ಕೂಗುವುದನ್ನು ಮಾತ್ರ ಯಾರೂ ನಿಲ್ಲಿಸಿಕೊಡಲಿಲ್ಲ. ಅವಳ ಮೊಮ್ಮಕ್ಕಳ ಕಾಲಕ್ಕೆ ಕುದುರೆಯ ಕಥೆ ಊರಿಗೆ ಮರೆತಿತ್ತು, ಹೆಸರು ಉಳಿದಿತ್ತು. ನಾವು ಆ ಬೈಗುಳವನ್ನೇ ಬಿರುದು ಎಂದು ಹೊತ್ತುಕೊಂಡು ರೇಷನ್ ಅಂಗಡಿಯ ಸಾಲಿನಲ್ಲಿ ಮುಂದೆ ಹೋದೆವು.

ಇನ್ನು ಶ್ರೀನಿವಾಸಪುರ. ಕೆಲಸದಲ್ಲಿದ್ದಾಗ ಆ ತಾಲ್ಲೂಕಿನ ಮಾವಿನ ತೋಟದ ಒಬ್ಬ ಯಜಮಾನರು ಗಡಿ ಗುರುತಿಸುವ ಹದ್ದುಬಸ್ತು ಅಳತೆಗಾಗಿ ನಮ್ಮ ಆಫೀಸಿಗೆ ಬರುತ್ತಿದ್ದರು. ಕಾಗದವನ್ನು ಎಡಗೈಯಲ್ಲಿ ಒತ್ತಿ ಹಿಡಿದು ಸಹಿ ಮಾಡುವಾಗ ಆರು ಬೆರಳು ಕಂಡು, ನಮ್ಮ ಮನೇಲೂ ಹೀಗೇ ಇದೆ ಎಂದು ನಾನು ನಕ್ಕಿದ್ದೆ, ಅವರೂ ನಕ್ಕಿದ್ದರು. ಹುಕುಮು ಓದಿದ ದಿನದಿಂದ ಆ ಕೈ ನನ್ನ ಕಣ್ಣಿಗೆ ಕಟ್ಟಿತ್ತು. ಹುಡುಕಿಕೊಂಡು ಹೋದೆ. ಎಂಬತ್ತು ದಾಟಿದ್ದರು, ಜಗುಲಿಯಲ್ಲಿ ಕೂತು ಮಾವಿನಕಾಯಿ ಆರಿಸುತ್ತಿದ್ದರು.

"ರಾಮ್ಮಾ, ಬನ್ನಿ ಕೂತ್ಕೊಳ್ಳಿ," ಎಂದರು. ಅವರ ಮಾತಿನಲ್ಲಿ ಅರ್ಧ ತೆಲುಗು. "ನಮ್ಮ ತಾತನ ಅಪ್ಪ ಇದ್ನಲ್ಲ, ಆಯನ ಮುನ್ಸಬು. ಜಡ್ಜಿ ಅಂತಾರಲ್ಲ, ಆ ತರ. ಹುಣಸೆ ಮರದ ಕೆಳಗೆ ಕೂತು ತೀರ್ಪು ಕೊಟ್ರೆ ಆಂಧ್ರದಿಂದಾನೂ ಜನ ಬರ್ತಿದ್ರು."

ಎಲ್ಲಿಂದ ಬಂದವರು ಅವರು ಎಂದು ಕೇಳಿದೆ. ಮುದುಕರು ನನ್ನನ್ನು ಒಂದು ಗಳಿಗೆ ನೋಡಿ ನಗಲು ಶುರುಮಾಡಿದರು.

"ನಿಮಗೆ ಗೊತ್ತಾಗೇ ಬಂದಿದೀರ ಬಿಡಿ. ಮುನ್ಸಬೂ ಇಲ್ಲ ಗಿನ್ಸಬೂ ಇಲ್ಲ, ಎಲ್ಲಿಂದಲೋ ಓಡಿಬಂದೋನು ಅಂತ ನಮ್ಮಜ್ಜಿ ಬೈತಿದ್ಲು. ಆಯಮ್ಮನೇ ಕೊನೆಗಾಲದಲ್ಲಿ ನೋಡ್ಕೊಂಡಿದ್ದು. ಸಾಯೋ ಮುಂಚೆ ಜ್ವರ ಬಂದು ಮೂರು ದಿನ ಒಂದೇ ಕೂಗಂತೆ: ಗುರ್ರಂ ತೇಂಡ್ರಾ, ಗುರ್ರಂ ತೇಂಡ್ರಾ. ಕುದುರೆ ತನ್ರೋ ಅಂತ. ಈ ಮನೇಲಿ ಯಾವತ್ತಮ್ಮ ಕುದುರೆ ಇತ್ತು? ಎಮ್ಮೆ ಇತ್ತು."

ಕಾಶಿಗೆ ಹೋದವನು ಮುಳಬಾಗಿಲಿಂದ ಎತ್ತಿನ ಗಾಡಿಯಲ್ಲಿ ಒಂದು ದಿನದ ದಾರಿಗೆ ಬಂದು, ಇನ್ನೊಂದು ಹೆಸರಿಟ್ಟುಕೊಂಡು, ಇನ್ನೊಂದು ಮದುವೆಯಾಗಿ, ಮಾವಿನ ಹಣ್ಣು ತಿಂದುಕೊಂಡು ವಯಸ್ಸಾಗಿ ಸತ್ತಿದ್ದ. ಅತ್ತ ಅವಳು ಹಿಟ್ಟು ಬೀಸುತ್ತಿದ್ದಳು. ಸಾಯುವಾಗಲೂ ಹೆಂಡತಿ ಮಕ್ಕಳ ನೆನಪಲ್ಲ, ಕುದುರೆ.

ನಾನು ಎಲ್ಲವನ್ನೂ ಹೇಳಿದೆ. ಮುದುಕರು ತಲೆ ಅಲ್ಲಾಡಿಸುತ್ತ ಕಾಯಿ ಆರಿಸುತ್ತಲೇ ಇದ್ದರು. ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದ ಅವರ ಸೊಸೆ ಮಾತ್ರ ಒಂದು ಪ್ರಶ್ನೆ ಕೇಳಿದಳು.

"ಆ ಕಲ್ಲು ಹೊತ್ತ ತಾತನಿಗೆ ಆಮೇಲೆ ಏನಾಯ್ತಮ್ಮಾ?"

ಕಡತದಲ್ಲಿ ಇರಲಿಲ್ಲ ಎಂದೆ. ಅಲ್ಲಿಯವರೆಗೆ ಆ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಮನೆಗೆ ಬಂದು ನಾಲ್ಕು ಪುಟ ಬರೆದೆ. ಇದ್ದದ್ದನ್ನು ಇದ್ದ ಹಾಗೆ. ಅಣ್ಣ ನನ್ನೆದುರೇ ಕೂತು ಓದಿದ. ಎಡಗೈಯಲ್ಲಿ, ಚಿಕ್ಕಂದಿನಲ್ಲಿ ಬೆರಳು ತೆಗೆಸಿದ ಜಾಗದ ಗಂಟನ್ನು ಉಜ್ಜಿಕೊಳ್ಳುತ್ತ ಓದಿದ.

"ಇದನ್ನ ಪ್ರಿಂಟ್ ಮಾಡಕ್ಕಾಗತ್ತೇನೇ? ನನ್ನ ಬೀಗರೆಲ್ಲ ಬರ್ತಾರೆ."

"ಹಾಗಾದ್ರೆ ಮಾಡಬೇಡ. ಆ ಹೆಂಗಸಿನ ಬಗ್ಗೆ ಒಂದು ಪುಟ ಹಾಕು, ಸಾಕು. ನಮ್ಮನ್ನೆಲ್ಲ ಉಳಿಸಿದವಳು ಅವಳು."

"ಅವಳ ಹೆಸರೇ ಇಲ್ಲವಲ್ಲ. ಹೆಸರಿಲ್ಲದೆ ಮರದಲ್ಲಿ ಎಲ್ಲಿ ಕೂರಿಸಲಿ?"

ಸಮಾವೇಶದ ದಿನ ಕಲ್ಯಾಣಮಂಟಪದ ಬಾಗಿಲಲ್ಲಿ ಆಳೆತ್ತರದ ಫ್ಲೆಕ್ಸ್. ಜರಿ ರುಮಾಲು, ಹುರಿ ಮೀಸೆ, ಕೈಯಲ್ಲಿ ಕತ್ತಿ. ಕಂಪ್ಯೂಟರಿನಲ್ಲಿ ಮಾಡಿಸಿದ ಚಿತ್ರ, ಮೂಗು ಮಾತ್ರ ಅಣ್ಣನದು. ನಕಲು ಗುಮಾಸ್ತನ ಕೈಗೆ ಕತ್ತಿ ಕೊಟ್ಟ ಬುದ್ಧಿವಂತಿಕೆಗೆ ಏನು ಹೇಳುವುದು? ಆಮೇಲೆ ಅಣ್ಣ ವೇದಿಕೆ ಹತ್ತಿ ಮೈಕ್ ಹಿಡಿದ.

"ನನ್ನ ತಂಗಿಯ ಸಂಶೋಧನೆಯಿಂದ ಹೊಸ ವಿಷಯ ಬೆಳಕಿಗೆ ಬಂದಿದೆ. ನಮ್ಮ ಮೂಲಪುರುಷರು ಮುಳಬಾಗಿಲಿನಲ್ಲಿ ಅಮಲ್ದಾರರಾಗಿದ್ದು, ನಂತರ ಬಡ್ತಿ ಪಡೆದು ಶ್ರೀನಿವಾಸಪುರದಲ್ಲಿ ಮುನ್ಸೀಫರಾಗಿ ಸೇವೆ ಸಲ್ಲಿಸಿದ್ದಾರೆ!"

ಚಪ್ಪಾಳೆ. ಎರಡು ಮನೆಯ ಎರಡು ಸುಳ್ಳನ್ನು ಒಂದಕ್ಕೊಂದು ಹೊಲಿದು ಅವನಿಗೆ ಪ್ರಮೋಷನ್ ಕೊಡಿಸಿಯೇಬಿಟ್ಟಿದ್ದ. ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಶಾಲು ಹೊದ್ದುಕೊಂಡೇ ಮೈಕ್ ಕೈಗೆ ತೆಗೆದುಕೊಂಡೆ. ಬ್ಯಾಗಿನಲ್ಲಿ ಪಟೇಲನ ಹೇಳಿಕೆಯ ಪ್ರತಿ ಇತ್ತು, ಪೂರ್ತಿ ಓದಿದೆ. ಹಿಂದೆಯೇ ಆ ಹೆಂಗಸಿನ ಅರ್ಜಿಯನ್ನೂ ಓದಿದೆ. ಸಭೆ ಸುಮ್ಮನಾಯಿತು. ಅಬ್ಬಾ, ಕೊನೆಗೂ ಇವರಿಗೆ ನಾಚಿಕೆಯಾಯಿತು ಎಂದುಕೊಂಡೆ. ಅಷ್ಟರಲ್ಲಿ ಮುಂದಿನ ಸಾಲಿನಿಂದ ಚಿಕ್ಕಪ್ಪನ ಮಗಳು ನಗುತ್ತ ಕೂಗಿದಳು:

"ಅಕ್ಕಾ, ಏನೇ ಹೇಳು, ಇಡೀ ಊರಿಗೆ ಟೋಪಿ ಹಾಕೋದು ಅಂದ್ರೆ ಸಾಮಾನ್ಯಾನಾ? ಎಂಥಾ ತಲೆ ಅಲ್ವಾ!"

ಸಭೆಗೆ ಸಭೆಯೇ ನಕ್ಕಿತು. "ಈಗ ಇದ್ದಿದ್ರೆ ಮಂತ್ರಿ ಆಗಿರ್ತಿದ್ದ ಬಿಡು," ಎಂದ ಇನ್ನೊಬ್ಬ. ಮತ್ತೆ ಚಪ್ಪಾಳೆ. ಸುಳ್ಳು ಹೇಳಿದರೂ ಹೆಮ್ಮೆ, ನಿಜ ಹೇಳಿದರೂ ಹೆಮ್ಮೆ. ಬೆನ್ನು ಮುರಿದ ಮುದುಕ, ಬಳೆಯ ಗುರುತು ಹಾಕಿದ ಹೆಂಗಸು, ಇಬ್ಬರೂ ಯಾರ ಕಿವಿಗೂ ಬಿದ್ದಿರಲಿಲ್ಲ. ಎಲೆ ಹಾಕಿದ್ದಾರೆ ಎಂದು ಅಡುಗೆಯವರು ಬಂದು ಹೇಳಿದರು, ಎಲ್ಲರೂ ಎದ್ದರು. ನಾನು ಊಟ ಮಾಡದೆ ಬಂದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಊಟ ಮಾಡಿಯೇ ಬಂದೆ, ಹಸಿವಾಗಿತ್ತು. ಅಣ್ಣ ಅಂದಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾನೆ. ಆ ಸಮಾವೇಶದಿಂದ ನನಗಾದ ಲಾಭ ಅದೊಂದೇ.

ಶ್ರೀನಿವಾಸಪುರದ ಸೊಸೆ ಕೇಳಿದ ಪ್ರಶ್ನೆ ಮಾತ್ರ ಬಿಡಲಿಲ್ಲ. ಮುಂದಿನ ವಾರ ಪಟೇಲನ ಹೇಳಿಕೆಯಲ್ಲಿದ್ದ ಆ ಹಳ್ಳಿಗೆ ಹೋದೆ. ಮಾಲೂರಿನಲ್ಲಿ ಬಸ್ ಇಳಿದು ಆಟೋ ಹಿಡಿದೆ. ಕುಂಬಾರರ ಮನೆ ಯಾವುದು ಎಂದು ಹಾಲಿನ ಡೈರಿಯ ಹತ್ತಿರ ಕೇಳಿದ್ದಕ್ಕೆ, "ಯಾವ ಕುಂಬಾರ್ರು? ಕಲ್ಲು ಹೊತ್ತೋರ ಮನೆಯೋರಾ?" ಎಂದರು. ಹೌದು, ಅವರದೇ ಎಂದೆ.

ಮನೆಯವನು ಐವತ್ತರ ಆಸುಪಾಸಿನವನು, ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದ. ಈಗ ಅವರ ಮನೆಯಲ್ಲಿ ಯಾರೂ ಮಡಕೆ ಮಾಡುವುದಿಲ್ಲ. ಮನೆಗೆ ಆ ಹೆಸರು ಯಾಕೆ ಬಂತು ಎಂದು ಕೇಳಿದೆ.

"ನಮ್ಮ ಮುತ್ತಾತನೋ ಅವರಪ್ಪನೋ, ಪೈಲ್ವಾನ್ ಅಮ್ಮ. ಬೀಸೋ ಕಲ್ಲು ಬೆನ್ನ ಮೇಲೆ ಹೊತ್ಕೊಂಡು ಇಡೀ ದಿನ ನಿಂತಿದ್ನಂತೆ. ಪಂತ ಕಟ್ಟಿ."

ಇಲ್ಲೂ ಅದೇ ಕಥೆ. ಒಂದು ಕ್ಷಣ ನನಗೆ ಇಡೀ ಮನುಷ್ಯಕುಲದ ಮೇಲೇ ಜಿಗುಪ್ಸೆ ಬಂತು, ಎಲ್ಲರಿಗೂ ಒಬ್ಬೊಬ್ಬ ಪೈಲ್ವಾನ್ ತಾತ ಬೇಕು. ಸುಮ್ಮನೆ ಎದ್ದು ಬರಬಹುದಿತ್ತು. ಆದರೆ ಸುಮ್ಮನಿರುವ ಹಕ್ಕು ನನಗಿಲ್ಲ ಅನ್ನಿಸಿತು.

"ಪಂತ ಅಲ್ಲಪ್ಪ," ಎಂದೆ. "ನಮ್ಮ ಮನೆಯವನೇ ಹೊರಿಸಿದ್ದು." ಪ್ರತಿ ತೆಗೆದು ಓದಿ ಹೇಳಿದೆ. ಕುದುರೆ, ತುಪ್ಪ, ಹೊಂಗೆ ಮರ, ಎಲ್ಲ. ನೆಟ್ಟಗಾಗಲಿಲ್ಲ ಎನ್ನುವ ಮಾತನ್ನೂ ಬಿಡಲಿಲ್ಲ. ಅವನ ಹೆಂಡತಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ನಿಂತಳು.

ಅವನು ಬೈಯುತ್ತಾನೆ ಎಂದುಕೊಂಡೆ. ಬೈದರೆ ಬೈಯಲಿ ಎಂದೇ ಬಂದಿದ್ದೆ.

"ನಮ್ ತಾತ ಹೇಳಿದ್ದು ನಿಜಾನೇ ತಾನೆ?" ಎಂದು ಕೇಳಿದ. "ಅವ್ನು ಅಮಲ್ದಾರ ಅಲ್ಲ ಅನ್ನೋದು?"

"ನಿಜವೇ. ಇಡೀ ಊರಲ್ಲಿ ನಿಜ ಹೇಳಿದವರು ಅವರೊಬ್ಬರೇ. ಅದಕ್ಕೇ ಕಲ್ಲು ಹೊರಿಸಿದ್ದು."

"ಹಂಗಾದ್ರೆ ಪೈಲ್ವಾನ್‌ಗಿಂತ ಇದೇ ಮೇಲಲ್ವಾ?" ಎಂದು ಹೆಂಡತಿಯ ಕಡೆ ತಿರುಗಿ ಕೇಳಿದ. ಅವಳು ಹೌದು ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ಕೈ ಚಾಚಿ, "ಆ ಕಾಗದ ನಮಗೆ ಕೊಡ್ತೀರೇನಮ್ಮ?" ಎಂದ.

ಕೊಟ್ಟೆ. ಹಳೆಯ ಬರಹ ಅವನಿಗೆ ಓದಲು ಬರಲಿಲ್ಲ. ಹಿಂಬದಿಯಲ್ಲಿ ನಾನು ದೊಡ್ಡ ಅಕ್ಷರದಲ್ಲಿ ಬಿಡಿಸಿ ಬರೆದುಕೊಡಬೇಕಾಯಿತು. ಬರೆದು ಮುಗಿಸುವಷ್ಟರಲ್ಲಿ ಅವಳು ಕಾಫಿ ತಂದಿಟ್ಟಳು. ಅವನು ಕಾಗದವನ್ನು ಬೆಳಕಿಗೆ ಹಿಡಿದು, ಬೆರಳಿಟ್ಟುಕೊಂಡು, ಒಂದೊಂದೇ ಪದ ಕೂಡಿಸಿ ಅವಳಿಗೆ ಓದಿ ಹೇಳಲು ಶುರುಮಾಡಿದ.